ವೀಲ್‌ಚೇರ್‌ನಲ್ಲಿ ಕೂತು ಶಟಲ್ ಆಡೋಕೆ ನೆಟ್ ಇಳಿಸ್ಬೇಕಾ? ಸರ್ವಿಸ್ ಸೊಂಟದ ಕೆಳಗೇ ಹೊಡೀಬೇಕಾ?

ಪ್ರಶ್ನೆ: ಸರ್, ನನ್ನ ತಮ್ಮ ಕಾಲೇಜ್ ಟೀಮ್‌ನಲ್ಲಿ ಶಟಲ್ ಆಡ್ತಿದ್ದ. ಬೈಕ್ ಆಕ್ಸಿಡೆಂಟಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ಈಗ ವೀಲ್‌ಚೇರ್‌ನಲ್ಲಿದ್ದಾನೆ. ಕೈ ಎರಡೂ ಚೆನ್ನಾಗಿವೆ, ಆದ್ರೆ ಹೊಟ್ಟೆ ಬೆನ್ನಿನ ಹಿಡಿತ ಕಮ್ಮಿ, ಮುಂದೆ ಬಗ್ಗಿದ್ರೆ ಕೈ ಊರಿಕೊಂಡೇ ಏಳ್ಬೇಕು. ಈಗ ಮತ್ತೆ ಆಡೋಕೆ ಶುರು ಮಾಡಿದಾನೆ. ಪೋಲಿಯೋ ಇರೋ ಇನ್ನೊಬ್ಬ ಫ್ರೆಂಡ್ ಕೂಡ ಚೇರ್‌ನಲ್ಲಿ ಕೂತು ಆಡ್ತಾನೆ, ಉಳಿದವರೆಲ್ಲ ನಿಂತು ಆಡೋರು. ದಿನಾ ಜಗಳ. ಒಬ್ಬ ನೆಟ್ ಇಳಿಸಿ ಅಂತಾನೆ, ಇನ್ನೊಬ್ಬ ಕಾಕ್ ಒಂದು ಸಲ ನೆಲಕ್ಕೆ ಬಿದ್ರೂ ಪರವಾಗಿಲ್ಲ, ವೀಲ್‌ಚೇರ್ ರೂಲ್ಸ್ ಹಾಗೇ ಇದೆ ಅಂತಾನೆ. ತಮ್ಮನ ಸರ್ವಿಸ್ ಸೊಂಟದಿಂದ ಮೇಲಿದೆ ಅಂತ ಪ್ರತಿ ಸಲ ಫಾಲ್ಟ್ ಕೊಡ್ತಾರೆ, ಚೇರ್ ಅಲ್ಲಾಡಿದ್ರೂ ಫಾಲ್ಟ್. ಆ ಪೋಲಿಯೋ ಫ್ರೆಂಡ್ ಮಾತ್ರ ಸೀಟಿಂದ ಎದ್ದು ಸ್ಮ್ಯಾಶ್ ಹೊಡೆದ್ರೂ ಯಾರೂ ಏನೂ ಅನ್ನಲ್ಲ. ನಿಜವಾದ ರೂಲ್ಸ್ ಏನು? ನಿಂತವರು ಕೂತವರು ಸೇರಿ ಆಡೋಕೆ ದಾರಿ ಇದ್ಯಾ? ಮನೇಲಿ ಬಳಸೋ ಚೇರ್‌ನಲ್ಲೇ ಆಡ್ತಿದಾನೆ, ನಂಗೆ ಅದೇ ದೊಡ್ಡ ಭಯ.

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ನಂಗೆ ಕಾಣಿಸಿದ್ದು ಎರಡು ವಿಷ್ಯ. ಒಂದು, ರೂಲ್ಸ್ ಗೊತ್ತಿಲ್ದೆ ನಿಮ್ಮ ತಮ್ಮನಿಗೆ ಅನ್ಯಾಯ ಆಗ್ತಿದೆ, ಅವರು ಹೊಡೀತಿರೋ ಸರ್ವಿಸ್ ಬಹುಶಃ ಸರಿಯಾಗೇ ಇದೆ. ಎರಡು, ಸಹಾಯ ಮಾಡೋಣ ಅಂತ ಹೊರಟ ಫ್ರೆಂಡ್ಸು ಬೇಡದ ಕಡೆ ಸಡಿಲ ಬಿಟ್ಟು, ಬೇಕಾದ ಕಡೆ ಬಿಗಿ ಹಿಡಿದಿದಾರೆ. ಪ್ಯಾರಾ ಆಟಗಾರರಿಗೆ ಕೋಚಿಂಗ್ ಮಾಡೋನಾಗಿ ಇದನ್ನ ನಾನು ಹೊಸ ಗುಂಪು ಬಂದಾಗೆಲ್ಲ ನೋಡ್ತೀನಿ.

ಮೊದ್ಲು ನೆಟ್ ವಿಷ್ಯ ಮುಗಿಸಿಬಿಡೋಣ. ನೆಟ್ ಇಳಿಸೋ ಹಾಗಿಲ್ಲ. ನಿಂತು ಆಡೋರಿಗೆ ಎಷ್ಟು ಎತ್ತರ ಇದ್ಯೋ ವೀಲ್‌ಚೇರ್‌ನವರಿಗೂ ಅಷ್ಟೇ, ಮಧ್ಯದಲ್ಲಿ 1.524 ಮೀಟರ್, ಕಂಬದ ಹತ್ರ 1.55 ಮೀಟರ್. ಈ ತಪ್ಪು ತಿಳುವಳಿಕೆ ಎಲ್ಲಿಂದ ಬಂತು ಅಂದ್ರೆ ಸಿಟ್ಟಿಂಗ್ ವಾಲಿಬಾಲ್‌ನಿಂದ ಇರ್ಬೇಕು, ಅಲ್ಲಿ ನೆಲದ ಮೇಲೆ ಕೂತು ಆಡ್ತಾರೆ, ಗಂಡಸರ ನೆಟ್ 1.15 ಮೀಟರ್, ಹೆಂಗಸರದ್ದು 1.05 ಮೀಟರ್. ಅದು ಬೇರೆ ಆಟ. ಶಟಲ್‌ನಲ್ಲಿ ನೆಟ್ ಎತ್ತರ ಇರೋದೇ ಕೂತವರಿಗೆ ರಕ್ಷಣೆ. ನೆಟ್ ಇಳಿಸಿದ್ರೆ ಏನಾಗುತ್ತೆ ಯೋಚ್ನೆ ಮಾಡಿ, ಎದುರಿನವನು ಚಪ್ಪಟೆಯಾಗಿ ನೇರ ಎದೆಗೆ ಹೊಡೀತಾನೆ, ಚೇರ್‌ನಲ್ಲಿರೋರು ಪಕ್ಕಕ್ಕೆ ಸರಿಯೋಕಾಗಲ್ಲ, ಮೂರು ಶಾಟಿಗೆ ರ‍್ಯಾಲಿ ಖತಂ. ನೆಟ್ ಮೇಲಿದ್ದಾಗ ಕಾಕ್ ಎತ್ತಿ ಹೊಡೀಲೇಬೇಕು, ಎತ್ತಿ ಹೊಡೆದ ಕಾಕ್ ಗಾಳೀಲಿ ಇರೋಷ್ಟು ಹೊತ್ತು ಚೇರ್ ತಳ್ಳೋಕೆ ಟೈಮ್ ಸಿಗುತ್ತೆ. ಹೊಸಬರಿಗೆ ನೆಟ್ ದಾಟಿಸೋದು ಕಷ್ಟ ಆಗುತ್ತೆ ನಿಜ, ಆದ್ರೆ ನಿಮ್ಮ ತಮ್ಮ ಹಳೇ ಆಟಗಾರ, ಮಣಿಕಟ್ಟು ಮರೆತಿರಲ್ಲ.

ಕಾಕ್ ನೆಲಕ್ಕೆ ಬಿದ್ರೂ ಪರವಾಗಿಲ್ಲ ಅನ್ನೋದು ವೀಲ್‌ಚೇರ್ ಟೆನಿಸ್‌ನಿಂದ ಬಂದಿರೋದು. ಅಲ್ಲಿ ಚೆಂಡು ಎರಡು ಸಲ ಪುಟಿಯೋವರೆಗೂ ಬಿಡ್ತಾರೆ. ಕಾಕ್ ಪುಟಿಯೋದೇ ಇಲ್ವಲ್ಲ ಸ್ವಾಮಿ, ಬಿದ್ದ ಜಾಗದಲ್ಲೇ ಸಾಯುತ್ತೆ, ಅದನ್ನ ನೆಲದಿಂದ ಕೆರೆದು ಎತ್ತೋದು ಯಾವ ಆಟ? ನೆಲಕ್ಕೆ ಬಿತ್ತು ಅಂದ್ರೆ ಪಾಯಿಂಟ್ ಹೋಯ್ತು, ಇಲ್ಲೂ ಅಷ್ಟೇ. ಪಾಯಿಂಟ್ ಲೆಕ್ಕಾನೂ ಅದೇ, 21ಕ್ಕೆ ಒಂದು ಗೇಮ್, ಮೂರರಲ್ಲಿ ಎರಡು ಗೆಲ್ಬೇಕು, 20-20 ಆದ್ರೆ ಎರಡು ಪಾಯಿಂಟ್ ಮುಂದೆ ಹೋಗ್ಬೇಕು, 29-29 ಆದ್ರೆ 30ನೇ ಪಾಯಿಂಟ್ ಹೊಡೆದವರಿಗೆ ಗೇಮ್.

ಹಾಗಾದ್ರೆ ಬದಲಾಗಿರೋದು ಏನು? ಕೋರ್ಟ್. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಉಳಿದ ರೂಲ್ಸೆಲ್ಲ ಅರ್ಥ ಆಗೋದು ಇಲ್ಲಿಂದಲೇ.

ಚೇರ್ ಮುಂದೆ ಹೋಗುತ್ತೆ, ಹಿಂದೆ ಹೋಗುತ್ತೆ, ತಿರುಗುತ್ತೆ. ಪಕ್ಕಕ್ಕೆ ಹೆಜ್ಜೆ ಹಾಕಲ್ಲ. ನಿಂತು ಆಡೋರು ಎಡಕ್ಕೊಂದು ಹೆಜ್ಜೆ ಬಲಕ್ಕೊಂದು ಹೆಜ್ಜೆ ಇಟ್ಟು ಕೋರ್ಟ್ ಅಗಲ ಪೂರ್ತಿ ಕಾಯ್ತಾರೆ, ಚೇರ್‌ನಲ್ಲಿ ಅದೇ ಕೆಲಸಕ್ಕೆ ಮೊದ್ಲು ತಿರುಗಿಸ್ಬೇಕು, ಆಮೇಲೆ ತಳ್ಬೇಕು, ಆಮೇಲೆ ನಿಲ್ಲಿಸ್ಬೇಕು, ಅಷ್ಟರಲ್ಲಿ ಕಾಕ್ ಬಿದ್ದಿರುತ್ತೆ. ಅದಕ್ಕೇ ವೀಲ್‌ಚೇರ್ ಸಿಂಗಲ್ಸ್‌ನ ಅರ್ಧ ಕೋರ್ಟ್‌ನಲ್ಲಿ ಆಡಿಸ್ತಾರೆ, ಮಧ್ಯದ ಗೆರೆಯಿಂದ ಒಂದು ಪಕ್ಕಕ್ಕೆ ಮಾತ್ರ. ಇನ್ನು ನೆಟ್ ಹತ್ರ. ಫುಟ್‌ರೆಸ್ಟ್ ಚೇರಿಗಿಂತ ಮುಂದೆ ಚಾಚಿಕೊಂಡಿರುತ್ತೆ, ಮುಂದಕ್ಕೆ ಬಗ್ಗಿ ನೆಟ್ ಬುಡದ ಕಾಕ್ ಎತ್ತೋದು ನಿಮ್ಮ ತಮ್ಮನಂಥವರಿಗೆ ಆಗೋ ಮಾತಲ್ಲ. ಅಲ್ಲಿ ಡ್ರಾಪ್, ಅಂದ್ರೆ ನೆಟ್ ದಾಟಿದ ಕೂಡ್ಲೇ ಬೀಳೋ ಹಾಗೆ ಮೆಲ್ಲಗೆ ಹೊಡೆದ ಕಾಕ್, ಬಿಟ್ರೆ ಪ್ರತಿ ಪಾಯಿಂಟೂ ಅಲ್ಲೇ ಮುಗಿಯುತ್ತೆ. ಹಾಗಾಗಿ ನೆಟ್‌ನಿಂದ ಶಾರ್ಟ್ ಸರ್ವಿಸ್ ಲೈನ್, ಅಂದ್ರೆ ನೆಟ್‌ಗೆ ಹತ್ರದ ಅಡ್ಡಗೆರೆವರೆಗಿನ 1.98 ಮೀಟರ್ ಜಾಗ ಪೂರ್ತಿ ಔಟ್. ಸರ್ವಿಸ್‌ಗೆ ಮಾತ್ರ ಅಲ್ಲ, ರ‍್ಯಾಲಿ ನಡೀವಾಗ್ಲೂ ಔಟ್, ಸಿಂಗಲ್ಸ್‌ಗೂ ಡಬಲ್ಸ್‌ಗೂ. ಉಳಿಯೋದು ಆ ಗೆರೆಯಿಂದ ಹಿಂದಿನ ಗೆರೆವರೆಗೆ 4.72 ಮೀಟರ್ ಉದ್ದ. ಗಮನಿಸಿ, ಔಟ್ ಆಗೋದು ಅಲ್ಲಿ ಬಿದ್ದ ಕಾಕ್, ಚೇರ್ ಅಲ್ಲಿಗೆ ಹೋಗ್ಬಾರದು ಅಂತೇನಿಲ್ಲ, ಬೇಕಾದ್ರೆ ಮುಂದೆ ಬಂದು ಹೊಡೀಬಹುದು.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುತ್ತೆ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಶಟಲ್ ಮೊದಲ ಸಲ ಸೇರಿದಾಗ ಪ್ರಮೋದ್ ಭಗತ್ ಚಿನ್ನ ಗೆದ್ರಲ್ಲ, ಆಮೇಲೆ 2024ರಲ್ಲಿ ಪ್ಯಾರಿಸ್‌ನಲ್ಲಿ ನಿತೇಶ್ ಕುಮಾರ್, ಇಬ್ಬರೂ ಎಸ್‌ಎಲ್ 3, ಅಂದ್ರೆ ಕಾಲಿಗೆ ತೊಂದ್ರೆ ಇದ್ದೂ ನಿಂತು ಆಡೋರ ವಿಭಾಗ, ಅರ್ಧ ಕೋರ್ಟ್ ಆಟ. ಅದನ್ನ ಟೀವೀಲಿ ನೋಡಿದವರು ಅಲ್ಲಿ ನೆಟ್ ಹತ್ರ ಡ್ರಾಪ್ ಹಾಕ್ತಿದ್ರು, ನಮ್ಮಲ್ಲಿ ಯಾಕೆ ಔಟ್ ಅಂತ ಕೇಳ್ತಾರೆ. ಅವರು ನಿಂತು ಆಡೋರು, ಅವರಿಗೆ ಮುಂದಿನ ಜಾಗಾನೂ ಇನ್. ಸುಹಾಸ್ ಯತಿರಾಜ್ ಆಡೋ ಎಸ್‌ಎಲ್ 4ರಲ್ಲಿ, ಅಂದ್ರೆ ಕಾಲಿನ ತೊಂದ್ರೆ ಇನ್ನೂ ಕಮ್ಮಿ ಇರೋರ ವಿಭಾಗದಲ್ಲಿ, ಇಡೀ ಕೋರ್ಟ್. ವೀಲ್‌ಚೇರ್ ಆಟ ನೋಡ್ಬೇಕು ಅಂದ್ರೆ ಜಪಾನಿನ ಡೈಕಿ ಕಾಜಿವಾರ ಅವರ ಮ್ಯಾಚ್ ಹುಡುಕಿ ನಿಮ್ಮ ತಮ್ಮನಿಗೆ ತೋರಿಸಿ, ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಸಿಂಗಲ್ಸ್ ಚಿನ್ನ ಗೆದ್ದವರು. ಕಾಕ್ ನೋಡ್ಬೇಡಿ, ಅವರ ಚಕ್ರ ನೋಡಿ, ಶಾಟ್ ಹೊಡೆದ ಮರುಕ್ಷಣ ಕೈ ಎಲ್ಲಿಗೆ ಹೋಗುತ್ತೆ ಅಂತ ನೋಡಿ.

ಈಗ ಸರ್ವಿಸ್‌ಗೆ ಬರೋಣ, ನಿಮ್ಮ ಮುಖ್ಯ ಜಗಳ ಅದೇ ಅಲ್ವಾ.

ನಿಂತು ಆಡೋರಿಗೆ ಮೊದ್ಲೆಲ್ಲ ಸೊಂಟದ ಕೆಳಗೆ ಅಂತಿತ್ತು, 2018ರಿಂದ ದೊಡ್ಡ ಟೂರ್ನಮೆಂಟ್‌ಗಳಲ್ಲಿ ನೆಲದಿಂದ 1.15 ಮೀಟರ್ ಅಂತ ಅಳತೆ ಬಂತು. ವೀಲ್‌ಚೇರ್‌ಗೆ ಇವೆರಡೂ ಅಲ್ಲ. ರ‍್ಯಾಕೆಟ್ ತಾಗೋ ಕ್ಷಣದಲ್ಲಿ ಇಡೀ ಕಾಕ್ ಸರ್ವಿಸ್ ಮಾಡೋರ ಕಂಕುಳಿಗಿಂತ ಕೆಳಗಿದ್ರೆ ಸಾಕು. ಸೊಂಟ ಅಲ್ಲ, ಕಂಕುಳು. ಯಾಕೆ ಅಂತ ತಿಳ್ಕೋಬೇಕಾದ್ರೆ ನಿಮ್ಮ ಜಗಳ ಮಾಡೋ ಫ್ರೆಂಡನ್ನ ಒಂದು ಸಲ ಚೇರ್‌ನಲ್ಲಿ ಕೂರಿಸಿ ಸೊಂಟದ ಕೆಳಗೆ ಸರ್ವಿಸ್ ಮಾಡಪ್ಪ ಅನ್ನಿ. ಕೂತಾಗ ಸೊಂಟ ಇರೋದು ಹೆಚ್ಚುಕಮ್ಮಿ ಚಕ್ರದ ಮೇಲಂಚಿನ ಮಟ್ಟದಲ್ಲಿ, ಮುಂದೆ ತೊಡೆ, ಪಕ್ಕಕ್ಕೆ ಚಕ್ರ, ರ‍್ಯಾಕೆಟ್ ಬೀಸೋಕೆ ಜಾಗಾನೇ ಇರಲ್ಲ, ಒಂದೋ ಮೊಣಕಾಲಿಗೆ ಹೊಡ್ಕೊತಾನೆ ಇಲ್ಲಾ ಚಕ್ರದ ಕಡ್ಡಿಗೆ. ಅದಕ್ಕೇ ಹೆಚ್ಚಿನವರು ಬ್ಯಾಕ್‌ಹ್ಯಾಂಡ್ ಸರ್ವಿಸ್ ಮಾಡ್ತಾರೆ, ಕಾಕ್‌ನ ಎದೆ ಮುಂದೆ ತೊಡೆಯಿಂದ ಮೇಲೆ ಹಿಡಿದು, ಮೊಣಕೈ ಸ್ವಲ್ಪ ಎತ್ತಿ, ಸಣ್ಣಗೆ ತಳ್ತಾರೆ. ನೋಡೋರ ಕಣ್ಣಿಗೆ ಅದು ತುಂಬಾ ಮೇಲಿದೆ ಅನ್ಸುತ್ತೆ, ರೂಲ್ ಪ್ರಕಾರ ಸರಿಯಾಗೇ ಇರುತ್ತೆ. ಆದ್ರೆ ಒಂದು ಎಚ್ಚರಿಕೆ. ಬೆನ್ನಿನ ಹಿಡಿತ ಕಮ್ಮಿ ಇರೋರು ಸುಸ್ತಾದ ಹಾಗೆ ಸೀಟಲ್ಲಿ ಕುಸೀತಾ ಹೋಗ್ತಾರೆ, ಭುಜ ಇಳಿಯುತ್ತೆ, ಕಂಕುಳೂ ಇಳಿಯುತ್ತೆ, ಕಾಕ್ ಹಿಡಿಯೋ ಕೈ ಮಾತ್ರ ಹಳೇ ಎತ್ತರದಲ್ಲೇ ಇರುತ್ತೆ. ಮೂರನೇ ಗೇಮ್‌ನಲ್ಲಿ ಬರೋ ಸರ್ವಿಸ್ ಫಾಲ್ಟ್ ಎಷ್ಟೋ ಸಲ ಇದೇ ಕಾರಣಕ್ಕೆ. ಪ್ರತಿ ಸರ್ವಿಸ್‌ಗೆ ಮುಂಚೆ ಒಂದು ಸಲ ನೆಟ್ಟಗೆ ಕೂರೋ ಅಭ್ಯಾಸ ಮಾಡಿಸಿ.

ಚೇರ್ ಅಲ್ಲಾಡಿದ್ರೆ ಫಾಲ್ಟ್ ಅನ್ನೋದು ಅರ್ಧ ಸತ್ಯ. ಸರ್ವಿಸ್ ಶುರುವಾದಾಗಿಂದ ಕಾಕ್‌ಗೆ ರ‍್ಯಾಕೆಟ್ ತಾಗೋವರೆಗೆ ಇಬ್ಬರ ಚಕ್ರಾನೂ ನಿಂತಿರ್ಬೇಕು, ಸರ್ವಿಸ್ ಮಾಡೋರದ್ದೂ, ತಗೊಳ್ಳೋರದ್ದೂ. ಆದ್ರೆ ಕೈ ಮುಂದಕ್ಕೆ ಬೀಸಿದಾಗ ಚೇರ್ ತಾನಾಗೇ ಒಂಚೂರು ಹಿಂದಕ್ಕೆ ಜರುಗುತ್ತಲ್ಲ, ಸರ್ವಿಸ್ ಮಾಡೋರಿಗೆ ಅದು ಮಾಫಿ, ರೂಲ್‌ನಲ್ಲೇ ಬರೆದಿದೆ. ನಿಮ್ಮ ಫ್ರೆಂಡ್ಸ್ ಫಾಲ್ಟ್ ಕೊಡ್ತಿರೋದು ಬಹುಶಃ ಇದಕ್ಕೇ, ಕೊಡೋ ಹಾಗಿಲ್ಲ. ಸರ್ವಿಸ್ ತಗೊಳ್ಳೋರಿಗೆ ಆ ವಿನಾಯಿತಿ ಇಲ್ಲ, ಮೊದಲೇ ಅಂದಾಜು ಮಾಡಿ ಚಕ್ರ ತಿರುಗಿಸಿದ್ರೆ ಅದು ಫಾಲ್ಟೇ, ಮತ್ತೆ ಹೊಸಬರಲ್ಲಿ ಜಾಸ್ತಿ ಕಾಣೋದು ಇದೇ, ಯಾರೂ ನೋಡೋದೂ ಇಲ್ಲ. ಅರ್ಧ ಕೋರ್ಟ್ ಸಿಂಗಲ್ಸ್‌ನಲ್ಲಿ ಸಮಸಂಖ್ಯೆ ಬಲಗಡೆ, ಬೆಸ ಎಡಗಡೆ ಅನ್ನೋ ಲೆಕ್ಕ ಇಲ್ಲ, ಅಡ್ಡಡ್ಡ ಹೊಡಿಯೋದೂ ಇಲ್ಲ, ನೇರ ಎದುರಿಗೆ ಸರ್ವಿಸ್. ಡಬಲ್ಸ್‌ನಲ್ಲಿ ಕೋರ್ಟ್ ಅಗಲ ಪೂರ್ತಿ, ಸರ್ವಿಸ್ ಎಂದಿನ ಹಾಗೆ ಅಡ್ಡಡ್ಡ.

ಇನ್ನು ನಿಮ್ಮ ಪೋಲಿಯೋ ಫ್ರೆಂಡ್. ಅವರು ಎದ್ದು ಹೊಡೀತಿರೋದು ಫಾಲ್ಟ್, ಅನುಮಾನಾನೇ ಬೇಡ. ಕಾಕ್ ಹೊಡೆಯೋ ಕ್ಷಣದಲ್ಲಿ ಮುಂಡದ ಯಾವುದಾದ್ರೂ ಭಾಗ ಸೀಟಿಗೆ ತಾಗಿರ್ಲೇಬೇಕು. ಕಾಲು ಫುಟ್‌ರೆಸ್ಟ್‌ಗೆ ಕಟ್ಟಿರ್ಬೇಕು, ಕಟ್ಟಿದ್ದು ಬಿಚ್ಚಿಕೊಂಡ್ರೆ ಫಾಲ್ಟ್, ಆಟದ ಮಧ್ಯೆ ಪಾದ ನೆಲಕ್ಕೆ ತಾಗಿದ್ರೆ ಫಾಲ್ಟ್. ಒಂದು ಕಾಲಲ್ಲಿ ಶಕ್ತಿ ಇರೋರು ಗೊತ್ತಿಲ್ದೆ ಕಾಲೂರಿ ಚೇರ್ ನಿಲ್ಲಿಸ್ತಾರೆ, ಕಾಲಲ್ಲೇ ತಳ್ಳಿ ತಿರುಗಿಸ್ತಾರೆ, ಅವರ ಪಾದಕ್ಕೆ ಒಂದು ವೆಲ್ಕ್ರೋ ಪಟ್ಟಿ ಬಿಗಿದ್ರೆ ಆ ಜಗಳ ಅಲ್ಲಿಗೇ ಮುಗೀತು. ಇದು ಬರೀ ಶಿಸ್ತಿನ ವಿಷ್ಯ ಅಲ್ಲ. ವೀಲ್‌ಚೇರ್‌ನಲ್ಲಿ ಎರಡು ವಿಭಾಗ ಇದೆ. ಡಬ್ಲ್ಯುಎಚ್ 1 ಅಂದ್ರೆ ಕಾಲಿನ ಜೊತೆ ಮುಂಡದ ಹಿಡಿತಾನೂ ಕಮ್ಮಿ ಇರೋರು, ಡಬ್ಲ್ಯುಎಚ್ 2 ಅಂದ್ರೆ ಕಾಲಿಗೆ ತೊಂದ್ರೆ ಇದ್ದು ಮುಂಡ ಹೆಚ್ಚುಕಮ್ಮಿ ಚೆನ್ನಾಗಿರೋರು. ನೀವು ಬರೆದಿರೋದು ನೋಡಿದ್ರೆ ನಿಮ್ಮ ತಮ್ಮ ಮೊದಲನೆಯದು, ಫ್ರೆಂಡ್ ಎರಡನೆಯದು ಅನ್ಸುತ್ತೆ, ಅದನ್ನ ಖಚಿತ ಮಾಡೋರು ಟೂರ್ನಮೆಂಟ್‌ನಲ್ಲಿ ಪರೀಕ್ಷೆ ಮಾಡೋ ಕ್ಲಾಸಿಫೈಯರ್‌ಗಳು, ನಾನಲ್ಲ. ಸಿಂಗಲ್ಸ್‌ನಲ್ಲಿ ಈ ಇಬ್ಬರೂ ಬೇರೆ ಬೇರೆ ಆಡ್ತಾರೆ. ನಿಮ್ಮಲ್ಲಿ ಇಬ್ಬರೇ ಇರೋದ್ರಿಂದ ಎದುರುಬದುರು ಆಡ್ಲಿ, ಆದ್ರೆ ಸೋಲೋದು ಯಾಕೆ ಅಂತ ತಮ್ಮನಿಗೆ ಗೊತ್ತಿರ್ಲಿ, ಬೆಂಡಾಗಿ ಕಾಕ್ ತಲುಪೋಕೆ ಆಗೋ ಒಂದು ಕೈಯಳತೆ ದೂರ ಎದುರಿನವರಿಗೆ ಪುಕ್ಕಟೆ ಸಿಕ್ಕಿರುತ್ತೆ. ಡಬಲ್ಸ್‌ನಲ್ಲಿ ಮಾತ್ರ ಒಂದು ಜೋಡೀಲಿ ಇಬ್ಬರೂ ಡಬ್ಲ್ಯುಎಚ್ 2 ಇರೋ ಹಾಗಿಲ್ಲ, ಒಬ್ಬರಾದ್ರೂ ಡಬ್ಲ್ಯುಎಚ್ 1 ಇರ್ಲೇಬೇಕು. ನಿಮ್ಮವರಿಬ್ಬರು ಹೇಳಿ ಮಾಡಿಸಿದ ಜೋಡಿ.

ನಿಮ್ಮ ಭಯದ ವಿಷ್ಯ, ಮನೆ ಚೇರ್. ಭಯ ಸರಿಯಾಗೇ ಇದೆ. ಮನೇಲಿ ಬಳಸೋ ಚೇರ್‌ನಲ್ಲಿ ಚಕ್ರ ನೆಟ್ಟಗಿರುತ್ತೆ, ಆಟದ ಚೇರ್‌ನಲ್ಲಿ ಚಕ್ರದ ಬುಡ ಹೊರಗೆ ಚಾಚಿ ಮೇಲ್ಗಡೆ ಒಳಕ್ಕೆ ವಾಲಿರುತ್ತೆ, ಜೋರಾಗಿ ತಿರುಗಿಸಿದ್ರೂ ಪಕ್ಕಕ್ಕೆ ಸುಲಭಕ್ಕೆ ಮಗುಚಲ್ಲ. ಆದ್ರೆ ಶಟಲ್‌ನಲ್ಲಿ ಜನ ಬೀಳೋದು ಪಕ್ಕಕ್ಕಿಂತ ಹಿಂದಕ್ಕೆ. ಎತ್ತಿ ಹೊಡೆದ ಕಾಕ್ ತಲೆ ಮೇಲೆ ಹೋಗ್ತಿದೆ, ಚೇರ್ ಹಿಂದಕ್ಕೆ ಎಳೀತಿದಾರೆ, ಅದೇ ಹೊತ್ತಿಗೆ ಚಕ್ರ ಗಪ್ಪಂತ ಹಿಡಿದು ನಿಲ್ಲಿಸಿ ಕೈಯೆತ್ತಿ ಬೆನ್ನು ಹಿಂದಕ್ಕೆ ಬಗ್ಗಿಸ್ತಾರೆ, ಮುಂದಿನ ಸಣ್ಣ ಚಕ್ರ ಎದ್ದು ಚೇರ್ ಹಿಂದಕ್ಕೆ ಬೀಳುತ್ತೆ, ತಲೆ ನೆಲಕ್ಕೆ ಬಡಿಯುತ್ತೆ. ಇದಕ್ಕೆ ಅಂತಾನೇ ಹಿಂದೆ ಒಂದು ಸಣ್ಣ ಸಪೋರ್ಟ್ ಚಕ್ರ ಹಾಕೋಕೆ ರೂಲ್ ಬಿಡುತ್ತೆ, ಅದು ದೊಡ್ಡ ಚಕ್ರಕ್ಕಿಂತ ಹಿಂದಕ್ಕೆ ಚಾಚಿದ್ರೂ ಪರವಾಗಿಲ್ಲ. ಅದಿಲ್ದೆ ಓವರ್‌ಹೆಡ್ ಶಾಟ್ ಆಡ್ಬೇಡಿ ಅಂತ ನಾನು ನೇರವಾಗೇ ಹೇಳ್ತೀನಿ. ಮನೆ ಚೇರಿಗೂ ಅಂಥದ್ದು ಕೂರಿಸಬಹುದು. ಕೈ ಇಡೋ ಹ್ಯಾಂಡಲ್ ಬಿಚ್ಚೋಕೆ ಬಂದ್ರೆ ಬಿಚ್ಚಿ, ರ‍್ಯಾಕೆಟ್ ತಾಗಿ ಬೆರಳು ಜಜ್ಜೋದು ಅಲ್ಲೇ. ಸೊಂಟಕ್ಕೋ ತೊಡೆಗೋ ಎರಡಕ್ಕೂನೋ ಎಲಾಸ್ಟಿಕ್ ಬೆಲ್ಟ್ ಹಾಕೋಕೆ ಅವಕಾಶ ಇದೆ, ನಿಮ್ಮ ತಮ್ಮನಿಗೆ ಅದು ಬೇಕೇ ಬೇಕು. ಬೆಲ್ಟ್ ಹಾಕಿದ್ರೆ ಹಿಂದಿನ ಸಪೋರ್ಟ್ ಚಕ್ರಾನೂ ಇರ್ಲೇಬೇಕು, ಯಾಕಂದ್ರೆ ಬಿದ್ರೆ ಚೇರ್ ಸಮೇತ ಬೀಳ್ತಾರೆ. ಎತ್ತರಕ್ಕೆ ದಿಂಬು ಹಾಕೋದು, ಸೀಟ್ ಮುಂದಕ್ಕೆ ವಾಲಿಸೋದು ಮಾಡ್ಬೇಡಿ, ಸೀಟು ದಿಂಬೂ ಸೇರಿ ಸಮವಾಗಿರ್ಬೇಕು ಇಲ್ಲಾ ಹಿಂದಕ್ಕೆ ವಾಲಿರ್ಬೇಕು. ಮೋಟಾರ್ ಅಂತೂ ಇಲ್ಲವೇ ಇಲ್ಲ.

ಸ್ಪೋರ್ಟ್ಸ್ ಚೇರ್ ತಗೊಳ್ಳೋದಾ ಬೇಡ್ವಾ ಅಂದ್ರೆ, ಕೆಲವು ತಿಂಗಳು ಹೀಗೆ ಆಡಿ ನೋಡಿ. ಮೈಗೆ ಅಳತೆ ತಗೊಂಡು ಮಾಡಿಸೋ ವಸ್ತು ಅದು, ಆತುರಕ್ಕೆ ತಗೊಂಡ್ರೆ ಸೀಟ್ ಅಗಲ ಜಾಸ್ತಿ ಆಗಿ ಒಳಗೆ ಮೈ ಜಾರ್ತಿರುತ್ತೆ. ಅಂದಹಾಗೆ ಮೈ ಜಾರೋದು ನಿಮ್ಮ ತಮ್ಮನ ಮಟ್ಟಿಗೆ ಸಣ್ಣ ವಿಷ್ಯ ಅಲ್ಲ. ಸ್ಪರ್ಶ ಗೊತ್ತಾಗದ ಜಾಗದಲ್ಲಿ ಚರ್ಮ ಉಜ್ಜಿ ಹುಣ್ಣಾದ್ರೆ ವಾಸಿ ಆಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಬ್ರೇಕ್‌ನಲ್ಲಿ ಕೈ ಊರಿ ಮೈ ಎತ್ತಿ ಕೂರ್ಲಿ, ಮನೆಗೆ ಹೋದ್ಮೇಲೆ ಹಿಂಭಾಗದಲ್ಲಿ ಕೆಂಪಾಗಿದ್ಯಾ ಅಂತ ಕನ್ನಡೀಲಿ ನೋಡ್ಕೊಳ್ಲಿ. ಪೆಟ್ಟು ಎದೆ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲಾಗಿದ್ರೆ ಮೈ ಸರಿಯಾಗಿ ಬೆವರಲ್ಲ, ಬಿಸಿ ಒಳಗೇ ಉಳಿಯುತ್ತೆ, ಇದ್ದಕ್ಕಿದ್ದ ಹಾಗೆ ತಲೆ ಸಿಡಿದು ಬಿಪಿ ಏರೋ ತೊಂದ್ರೆನೂ ಬರಬಹುದು. ಎಷ್ಟು ಆಡ್ಬಹುದು ಅಂತ ಅವರ ಡಾಕ್ಟರನ್ನ ಒಂದು ಸಲ ಕೇಳಿಬಿಡಿ. ಭುಜಾನೂ ಅಷ್ಟೇ, ದಿನವಿಡೀ ಚೇರ್ ತಳ್ಳೋದು ಅದೇ ಭುಜ, ಸ್ಮ್ಯಾಶ್ ಹೊಡಿಯೋದೂ ಅದೇ, ಭುಜ ಹಾಳಾದ್ರೆ ಆಟ ಮಾತ್ರ ಅಲ್ಲ, ಹಾಸಿಗೆಯಿಂದ ಚೇರಿಗೆ ಬರೋದೂ ನಿಲ್ಲುತ್ತೆ. ದಿನಾ ಎರಡು ಗಂಟೆ ಆಡೋದಕ್ಕಿಂತ ದಿನ ಬಿಟ್ಟು ದಿನ ಆಡೋದು ಒಳ್ಳೇದು.

ನಿಂತವರು ಕೂತವರು ಸೇರಿ ಆಡೋದಕ್ಕೆ ಟೂರ್ನಮೆಂಟ್ ರೂಲ್ ಅಂತ ಇಲ್ಲ, ಇಲ್ಲಿಂದ ಮುಂದೆ ಹೇಳೋದು ನಾನು ಕೋಚಿಂಗ್‌ನಲ್ಲಿ ಮಾಡ್ಕೊಳ್ಳೋ ಹೊಂದಾಣಿಕೆ. ಎಲ್ಲಕ್ಕಿಂತ ಚೆಂದ ಅಂದ್ರೆ ನಿಂತವರೂ ಚೇರ್‌ನಲ್ಲಿ ಕೂತು ಆಡೋದು. ಸರ್ವಿಸ್ ಜಗಳ ಅವತ್ತೇ ಮುಗಿಯುತ್ತೆ. ಅಪಾಯ ಏನಂದ್ರೆ ಅಭ್ಯಾಸ ಇಲ್ಲದವರೇ ಮೊದ್ಲು ಹಿಂದಕ್ಕೆ ಬೀಳೋದು, ಅವರಿಗೂ ಸಪೋರ್ಟ್ ಚಕ್ರ ಬೇಕು. ಎರಡನೇದು, ಒಬ್ಬರು ನಿಂತು ಒಬ್ಬರು ಕೂತು ಸಿಂಗಲ್ಸ್. ಎರಡೂ ಕಡೆ ಅರ್ಧ ಕೋರ್ಟ್ ಇಟ್ಕೊಳ್ಳಿ, ಕೂತವರ ಕಡೆ ಮಾತ್ರ ಮುಂದಿನ ಜಾಗ ಔಟ್, ನಿಂತವರ ಕಡೆ ಇನ್, ಅಂದ್ರೆ ತಮ್ಮ ಡ್ರಾಪ್ ಹಾಕ್ಬಹುದು, ಎದುರಿನವರು ಹಾಕೋ ಹಾಗಿಲ್ಲ. ನಿಂತವರು ಜಂಪ್ ಸ್ಮ್ಯಾಶ್ ಬಿಡ್ಬೇಕು, ಅಷ್ಟೇ, ಉಳಿದಿದ್ದೆಲ್ಲ ಪೂರ್ತಿ ಬಲದಲ್ಲೇ ಆಡ್ಲಿ. ಇದರಲ್ಲಿ ಬರೋ ದೊಡ್ಡ ತೊಂದ್ರೆ ಗಾಯ ಅಲ್ಲ, ಅಯ್ಯೋ ಪಾಪ ಅಂತ ಕೈಗೇ ಕಾಕ್ ಕೊಡೋದು. ನಿಮ್ಮ ತಮ್ಮ ಟೀಮಲ್ಲಿ ಆಡಿದವರು, ಎರಡೇ ಶಾಟಲ್ಲಿ ಗೊತ್ತಾಗುತ್ತೆ ಅವರಿಗೆ, ಆಮೇಲೆ ಬರೋದೇ ಬಿಟ್ಟುಬಿಡ್ತಾರೆ.

ಮೂರನೇದು ಡಬಲ್ಸ್, ಒಬ್ಬರು ಕೂತು ಒಬ್ಬರು ನಿಂತು ಒಂದು ಜೋಡಿ. ಆಡೋಕೆ ತುಂಬಾ ಮಜಾ, ಆದ್ರೆ ಗಾಯ ಜಾಸ್ತಿ ಇಲ್ಲೇ. ಫುಟ್‌ರೆಸ್ಟ್‌ನ ಕಬ್ಬಿಣ ನಿಂತವರ ಮೊಣಕಾಲಿನ ಕೆಳಗಿನ ಮೂಳೆ ಮಟ್ಟಕ್ಕೇ ಇರುತ್ತೆ, ಹಿಂದಕ್ಕೆ ಬರ್ತಿರೋ ಚೇರ್‌ನವರಿಗೆ ಹಿಂದೆ ಯಾರಿದಾರೆ ಕಾಣಲ್ಲ. ಹಿಂದೆ ಮುಂದೆ ನಿಂತು ಆಡೋ ಪದ್ಧತಿ ಪೂರ್ತಿ ಬಿಡಿ, ಎಡ ಬಲ ಹಂಚಿಕೊಳ್ಳಿ, ಮಧ್ಯದ ಗೆರೆ ದಾಟಬಾರದು. ಮಧ್ಯಕ್ಕೆ ಬಂದ ಕಾಕ್ ಯಾರದ್ದು ಅಂತ ಆಟಕ್ಕೆ ಮುಂಚೆನೇ ತೀರ್ಮಾನ ಆಗ್ಲಿ, ನಾನಾದ್ರೆ ಚೇರ್‌ನವರಿಗೆ ಕೊಡ್ತೀನಿ, ಯಾಕಂದ್ರೆ ನಿಂತವರು ಥಟ್ಟಂತ ನಿಲ್ಲಬಲ್ಲರು, ಉರುಳ್ತಿರೋ ಚೇರ್ ನಿಲ್ಲಲ್ಲ.

ನಿಮ್ಮ ತಮ್ಮನಿಗೆ ಒಂದು ಕೆಲಸ ಹೇಳಿ. ಹಳೇ ಆಟಗಾರರೆಲ್ಲ ಮಾಡೋದು ಇದನ್ನೇ, ಶಾಟ್ ಹೊಡೆದು ಕಾಕ್ ಎಲ್ಲಿ ಬಿತ್ತು ಅಂತ ನೋಡ್ತಾ ಕೂರ್ತಾರೆ, ಚೇರ್ ನಿಂತುಬಿಡುತ್ತೆ, ನಿಂತ ಚೇರ್ ಮತ್ತೆ ಹೊರಡಿಸೋಕೆ ಬೇಕಾಗೋ ಬಲ ಉರುಳ್ತಿರೋದನ್ನ ತಿರುಗಿಸೋದಕ್ಕಿಂತ ಬಹಳ ಜಾಸ್ತಿ. ರ‍್ಯಾಕೆಟ್ ಹಿಡಿದ ಕೈಯಲ್ಲೇ ಹಿಡಿಕೆಯನ್ನ ಅಂಗೈಗೂ ಚಕ್ರದ ರಿಮ್‌ಗೂ ಮಧ್ಯೆ ಒತ್ತಿ ತಳ್ಳೋದು ಕಲೀಬೇಕು. ಕಾಕ್ ಇಲ್ದೆ, ಬರೀ ರ‍್ಯಾಕೆಟ್ ಹಿಡಿದು, ಆ 4.72 ಮೀಟರ್ ಉದ್ದದಲ್ಲಿ ಮುಂದೆ ಹೋಗಿ ಒಂದು ಶಾಟ್ ಬೀಸೋದು, ತಿರುಗದೆ ಹಾಗೇ ಹಿಂದಕ್ಕೆ ಎಳ್ಕೊಂಡು ಬಂದು ತಲೆ ಮೇಲಿಂದ ಒಂದು ಬೀಸೋದು. ಶುರುವಿನಲ್ಲಿ ಹತ್ತು ನಿಮಿಷ ಸಾಕು, ಹಿಂದೆ ಯಾರಾದ್ರೂ ಒಬ್ಬರು ಚೇರ್ ಬೆನ್ನಿಗೆ ಕೈ ಕೊಟ್ಟು ನಿಂತಿರ್ಲಿ.